ಸಿಪಿಆರ್: ಹಾಳೆಯ ಮೇಲೂ ಪರೀಕ್ಷೆ, ಕೈಗೂ ಪರೀಕ್ಷೆ

ಓದುಗರ ಪ್ರಶ್ನೆ – ತಜ್ಞರ ಉತ್ತರ

ಈ ಸಂಚಿಕೆಯ ಅಂಕಣಕ್ಕೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಆಸ್ಪತ್ರೆ ಸಿಬ್ಬಂದಿ ಬರೆದ ಪತ್ರಗಳನ್ನು ಆಯ್ದುಕೊಂಡಿದ್ದೇವೆ. ಹೃದಯ ನಿಂತ ರೋಗಿಗೆ ಮೊದಲ ಕೆಲವು ನಿಮಿಷಗಳಲ್ಲಿ ಮಾಡಬೇಕಾದ ಬಿಎಲ್‌ಎಸ್ (ಜೀವ ಉಳಿಸುವ ಮೊದಲ ಹಂತದ ಆರೈಕೆ) ಮತ್ತು ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವುದು) ನಮ್ಮ ಸಿಬ್ಬಂದಿಗೆ ಎಷ್ಟು ಗೊತ್ತು, ಅದನ್ನು ಅಳೆಯುವುದು ಹೇಗೆ ಎಂಬುದೇ ಎಲ್ಲರ ಪ್ರಶ್ನೆ. ಅರಿವಳಿಕೆ, ತುರ್ತು ಚಿಕಿತ್ಸೆ ಮತ್ತು ನರ್ಸಿಂಗ್ ಶಿಕ್ಷಣದ ತರಬೇತುದಾರರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಆಸ್ಪತ್ರೆಯಲ್ಲಿ ವೈದ್ಯರು, ನರ್ಸಿಂಗ್ ಆಫೀಸರ್‌ಗಳು, ಲ್ಯಾಬ್ ಮತ್ತು ಎಕ್ಸ್‌ರೇ ಸಿಬ್ಬಂದಿ ಸೇರಿ ಸುಮಾರು 40 ಜನರಿದ್ದೇವೆ. ತರಬೇತಿಗೆ ಮುಂಚೆ ಒಂದು ಲಿಖಿತ ಪರೀಕ್ಷೆ ಇಡಬೇಕೆಂದಿದ್ದೇವೆ. ಇಂಟರ್ನೆಟ್ಟಿನಲ್ಲಿ ಸಿಗುವ 20 ಪ್ರಶ್ನೆಗಳನ್ನು ಹಾಗೇ ಬಳಸಬಹುದೇ?
— ಶುಶ್ರೂಷಾ ಅಧೀಕ್ಷಕಿ, ಸೇಡಂ

ಉತ್ತರ: ಹಾಗೇ ಬಳಸಬೇಡಿ. ಮೊದಲ ತೊಂದರೆ ಇರುವುದು ಉತ್ತರಗಳ ವರ್ಷದಲ್ಲಿ. ವಯಸ್ಕರಿಗೆ 15 ಸಲ ಒತ್ತಿ 2 ಉಸಿರು ಕೊಡುವ ಲೆಕ್ಕ 2005ರಲ್ಲಿ 30ಕ್ಕೆ 2 ಆಯಿತು. ಮೊದಲು ಗಾಳಿದಾರಿ, ಆಮೇಲೆ ಉಸಿರು, ಕೊನೆಗೆ ಎದೆ ಒತ್ತುವುದು ಎಂಬ ಕ್ರಮವನ್ನು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2010ರಲ್ಲಿ ತಿರುವಿ ಹಾಕಿ, ಎದೆ ಒತ್ತುವುದನ್ನು ಮೊದಲಿಗೆ ತಂದಿತು. ಆಗ ವೇಗ ‘ನಿಮಿಷಕ್ಕೆ ಕನಿಷ್ಠ 100’, ಆಳ ‘ಕನಿಷ್ಠ 5 ಸೆಂ.ಮೀ.’ ಎಂದಷ್ಟೇ ಇತ್ತು. 2015ರಲ್ಲಿ ಎರಡಕ್ಕೂ ಮೇಲ್ಮಿತಿ ಬಂತು: ವೇಗ 100ರಿಂದ 120, ಆಳ 5ರಿಂದ 6 ಸೆಂ.ಮೀ. ನಾಡಿ ಇದ್ದು ಉಸಿರಾಟ ನಿಂತ ಮಗುವಿಗೆ 2–3 ಸೆಕೆಂಡಿಗೊಂದು ಉಸಿರು ಎಂದು 2020ರಲ್ಲಿ ಬದಲಾಯಿತು. ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡು ಉಸಿರುಗಟ್ಟಿದ ವಯಸ್ಕರಿಗೆ ಮೊದಲು ಬೆನ್ನಿಗೆ 5 ಗುದ್ದು, ನಂತರ ಹೊಟ್ಟೆಯ ಮೇಲೆ 5 ಒತ್ತು ಎಂಬುದು 2025ರ ಮಾತು. 2012ರಲ್ಲಿ ತರಬೇತಿ ಪಡೆದ ಸಿಸ್ಟರ್ ‘ಕನಿಷ್ಠ 100’ ಎಂದು ಬರೆದರೆ ಅವರು ಕಲಿತದ್ದನ್ನೇ ಬರೆದಿದ್ದಾರೆ. ಆದ್ದರಿಂದ ಪ್ರಶ್ನೆಪತ್ರಿಕೆಯ ಮೊದಲ ಸಾಲಿನಲ್ಲೇ ಯಾವ ಸಂಸ್ಥೆಯ, ಯಾವ ವರ್ಷದ ಮಾರ್ಗಸೂಚಿ ಎಂದು ನಮೂದಿಸಿ. ಹಳೆಯ ಪತ್ರಿಕೆಗಳಲ್ಲಿ ಇನ್ನೂ ಉಳಿದಿರುವ ‘ಉಸಿರಾಟವನ್ನು ನೋಡಿ, ಕೇಳಿ, ಸ್ಪರ್ಶಿಸಿ’ ಎಂಬ ಹೆಜ್ಜೆಯನ್ನು 2010ರಲ್ಲೇ ಕೈಬಿಡಲಾಗಿದೆ.

ಎರಡನೆಯದು ಪ್ರಶ್ನೆಯ ಗುಣ. ‘ಎಇಡಿ ಎಂದರೇನು, ವಿಸ್ತರಿಸಿ ಬರೆಯಿರಿ’ ಎಂಬ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ (ಎಇಡಿ ಎಂದರೆ ಹೃದಯದ ಲಯವನ್ನು ತಾನೇ ನೋಡಿ, ಬೇಕಿದ್ದರೆ ಶಾಕ್ ಕೊಡುವ ಯಂತ್ರ). ಮೊದಲ 2 ನಿಮಿಷದಲ್ಲಿ ತೆಗೆದುಕೊಳ್ಳಬೇಕಾದ ನಿರ್ಧಾರವನ್ನು ಕೇಳಿ. ಉದಾಹರಣೆಗೆ: ‘ಓಪಿಡಿ ಸಾಲಿನಲ್ಲಿ ನಿಂತಿದ್ದ 55 ವರ್ಷದ ವ್ಯಕ್ತಿ ಕುಸಿದು ಬಿದ್ದಿದ್ದಾರೆ. ಭುಜ ತಟ್ಟಿ ಕರೆದರೂ ಓಗೊಡುತ್ತಿಲ್ಲ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಉಸಿರೆಳೆದಂತೆ ಕಾಣುತ್ತದೆ. ಕತ್ತಿನ ನಾಡಿ 10 ಸೆಕೆಂಡಿನೊಳಗೆ ಖಚಿತವಾಗಿ ಸಿಗಲಿಲ್ಲ. ಈಗ ಏನು ಮಾಡುತ್ತೀರಿ?’ ಆಯ್ಕೆಗಳು: ಆಕ್ಸಿಜನ್ ಹಚ್ಚಿ ಬಿಪಿ ನೋಡುವುದು, ಇಸಿಜಿ ತೆಗೆಯುವುದು, ಡ್ರಿಪ್ ಹಾಕುವುದು, ಎದೆ ಒತ್ತಲು ಶುರುಮಾಡುವುದು. ತಪ್ಪು ಉತ್ತರಗಳು ಮೂರೂ ವಾರ್ಡಿನಲ್ಲಿ ನಿಜವಾಗಿ ನಡೆಯುವಂಥವೇ ಆಗಿರಬೇಕು. ಆಗ ‘ಎಷ್ಟು ಜನ ತಪ್ಪಿದರು’ ಎಂಬುದರ ಜತೆಗೆ ‘ಎಲ್ಲಿ ತಪ್ಪಿದರು’ ಎಂಬುದೂ ಸಿಗುತ್ತದೆ. ಬಿಪಿ ನೋಡುತ್ತೇವೆ ಎಂದವರು ಹೆಚ್ಚಿದ್ದರೆ, ಗ್ಯಾಸ್ಪಿಂಗ್ ಅನ್ನು, ಅಂದರೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಉಸಿರೆಳೆದಂತೆ ಕಾಣುವುದನ್ನು, ಅವರು ಉಸಿರಾಟ ಎಂದೇ ಎಣಿಸಿದ್ದಾರೆ ಎಂದು ಅರ್ಥ. ತರಬೇತಿಯನ್ನು ಅಲ್ಲಿಂದಲೇ ಆರಂಭಿಸಬೇಕು.

20 ಪ್ರಶ್ನೆಗಳಲ್ಲಿ ಗುರುತಿಸುವುದು ಮತ್ತು ಸಹಾಯಕ್ಕೆ ಕರೆಯುವುದರ ಮೇಲೆ 5, ಎದೆ ಒತ್ತುವುದರ ಮೇಲೆ 5, ಉಸಿರು ಮತ್ತು ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಮೇಲೆ 4, ಎಇಡಿ ಮೇಲೆ 3 ಇರಲಿ. ಉಳಿದ ಮೂರರಲ್ಲಿ ಮಗು, ಗರ್ಭಿಣಿ, ಉಸಿರುಗಟ್ಟುವಿಕೆ ಬರಲಿ. ಗರ್ಭಿಣಿಯ ಪ್ರಶ್ನೆಯನ್ನು ಬಿಡಬೇಡಿ. ಗರ್ಭಕೋಶ ಹೊಕ್ಕುಳಿನ ಮಟ್ಟ ಮುಟ್ಟಿದ್ದರೆ ಒಬ್ಬರು ಅದನ್ನು ಕೈಯಿಂದ ಎಡಕ್ಕೆ ಸರಿಸಿ ಹಿಡಿಯಬೇಕು, ಇನ್ನೊಬ್ಬರು ಎಂದಿನ ಜಾಗದಲ್ಲೇ ಎದೆ ಒತ್ತಬೇಕು. ಅದು ಗೊತ್ತಿಲ್ಲದೆ ಒತ್ತುತ್ತಾ ಹೋದರೆ ದೊಡ್ಡ ರಕ್ತನಾಳಗಳು ಅದುಮಿಕೊಂಡು ಹೃದಯಕ್ಕೆ ರಕ್ತ ಸರಿಯಾಗಿ ಹಿಂದಿರುಗುವುದಿಲ್ಲ.

ಬರವಣಿಗೆಯಲ್ಲಿ ಕೆಲವು ಎಚ್ಚರಿಕೆ. ಆಳದ ಪ್ರಶ್ನೆಗೆ ‘5 ಸೆಂ.ಮೀ.’, ‘ಕನಿಷ್ಠ 5 ಸೆಂ.ಮೀ.’, ‘5–6 ಸೆಂ.ಮೀ.’ ಮೂರನ್ನೂ ಆಯ್ಕೆಯಾಗಿ ಕೊಟ್ಟರೆ ತಿಳಿದವರೇ ಗೊಂದಲಕ್ಕೆ ಬೀಳುತ್ತಾರೆ. ‘ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ’, ‘ಮೇಲಿನ ಎಲ್ಲವೂ’ ಬೇಡ. ಪ್ರತಿ ಪ್ರಶ್ನೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಚ್ಚಾಗಲಿ. ನಾಲ್ಕು ಆಯ್ಕೆಗಳಿದ್ದರೆ ಕಣ್ಣುಮುಚ್ಚಿ ಗುರುತು ಹಾಕಿದವರಿಗೂ 20ಕ್ಕೆ 5 ಅಂಕ ಬರುತ್ತದೆ. ಹಾಗಾಗಿ ‘ಗೊತ್ತಿಲ್ಲ’ ಎಂಬ ಐದನೇ ಆಯ್ಕೆ ಕೊಟ್ಟು, ಅದನ್ನು ಗುರುತಿಸಿದರೆ ನಾಚಿಕೆಯಿಲ್ಲ ಎಂದು ಮೊದಲೇ ಹೇಳಿ.

ಪರೀಕ್ಷೆ ಮುಗಿದ ಮೇಲೆ ಪ್ರಶ್ನೆಗಳನ್ನೂ ಪರೀಕ್ಷಿಸಬೇಕು. 40 ಉತ್ತರಪತ್ರಿಕೆಗಳನ್ನು ಅಂಕಗಳ ಕ್ರಮದಲ್ಲಿ ಜೋಡಿಸಿ, ಮೇಲಿನ 11 ಮತ್ತು ಕೆಳಗಿನ 11 ತೆಗೆಯಿರಿ. ಒಟ್ಟು ಸಂಖ್ಯೆಯ ಶೇ 27 ತೆಗೆದುಕೊಳ್ಳುವುದು ವಾಡಿಕೆ. ಒಂದು ಪ್ರಶ್ನೆಗೆ ಮೇಲಿನ ಗುಂಪಿನಲ್ಲಿ ಸರಿ ಬರೆದವರಿಂದ ಕೆಳಗಿನ ಗುಂಪಿನಲ್ಲಿ ಸರಿ ಬರೆದವರನ್ನು ಕಳೆದು 11ರಿಂದ ಭಾಗಿಸಿ. 9 ಮತ್ತು 3 ಇದ್ದರೆ 0.55, ಅಂದರೆ ತಿಳಿದವರನ್ನೂ ತಿಳಿಯದವರನ್ನೂ ಬೇರ್ಪಡಿಸುವ ಒಳ್ಳೆಯ ಪ್ರಶ್ನೆ. 0.2ಕ್ಕಿಂತ ಕಡಿಮೆ ಬಂದರೆ ಪ್ರಶ್ನೆಯ ಮಾತನ್ನು ತಿದ್ದಿ. ಋಣಸಂಖ್ಯೆ ಬಂದರೆ, ಅಂದರೆ ಚೆನ್ನಾಗಿ ಬರೆದವರೇ ಇದರಲ್ಲಿ ಹೆಚ್ಚು ತಪ್ಪಿದ್ದರೆ, ಸಿಬ್ಬಂದಿಯನ್ನು ಬಿಟ್ಟು ನಿಮ್ಮ ಉತ್ತರಸೂಚಿಯನ್ನು ಮೊದಲು ನೋಡಿ.

ಪ್ರಶ್ನೆ: ನಮ್ಮ ವಿದ್ಯಾರ್ಥಿನಿಯರು ಬರೆಯುವ ಪರೀಕ್ಷೆಯಲ್ಲಿ 20ಕ್ಕೆ 18 ತೆಗೆಯುತ್ತಾರೆ. ತರಬೇತಿಯ ಗೊಂಬೆಯ ಮೇಲೆ ಎದೆ ಒತ್ತಿಸಿದರೆ ಅವರದೇ ಕೈ ಎರಡು ಇಂಚು ಇಳಿಯುವುದಿಲ್ಲ. ಅಂಕ ಕೊಡುವುದು ಹೇಗೆ?
— ನರ್ಸಿಂಗ್ ಕಾಲೇಜು ಉಪನ್ಯಾಸಕಿ, ಬೀದರ್

ಉತ್ತರ: ನೀವು ಕಂಡದ್ದು ಎಲ್ಲ ಕಡೆ ಇರುವುದೇ. ನೆನಪು ಬೇರೆ, ತೋಳಿನ ರೂಢಿ ಬೇರೆ. ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯಬೇಡಿ. ಲಿಖಿತದಲ್ಲಿ ಎಷ್ಟೇ ಬಂದಿರಲಿ, ಕೈಪರೀಕ್ಷೆಯಲ್ಲಿ ಆಳ, ವೇಗ, ಎದೆ ಪೂರ್ತಿ ಮೇಲೇಳಲು ಬಿಡುವುದು, ಈ ಮೂರರಲ್ಲಿ ಒಂದು ತಪ್ಪಿದರೂ ‘ಇನ್ನೊಮ್ಮೆ’ ಎಂದೇ ಬರೆಯಿರಿ.

ಗೊಂಬೆಯನ್ನು ನೆಲದ ಮೇಲೆ ಅಥವಾ ಗಟ್ಟಿ ಮೇಜಿನ ಮೇಲೆ ಇಡಿ. ಫೋಮ್ ಹಾಸಿಗೆಯ ಮೇಲಿಟ್ಟರೆ ಒತ್ತಿದ್ದರಲ್ಲಿ ಒಂದು ಪಾಲು ಹಾಸಿಗೆಗೆ ಹೋಗುತ್ತದೆ. ಒತ್ತುವವರಿಗೆ ಆಳ ಸಿಕ್ಕಿದಂತೆ ಭಾಸವಾಗುತ್ತದೆ, ಎದೆ ಮಾತ್ರ ಇಳಿದಿರುವುದಿಲ್ಲ. ವಾರ್ಡಿನಲ್ಲೂ ಇದೇ ಮೋಸ ಆಗುವುದರಿಂದ ಬೆನ್ನ ಕೆಳಗೆ ಹಲಗೆ ಸರಿಸುವುದನ್ನು, ಎತ್ತರದ ಮಂಚದ ಪಕ್ಕ ಮೆಟ್ಟಿಲು ಸ್ಟೂಲ್ ಹಾಕಿಕೊಳ್ಳುವುದನ್ನು ಪರೀಕ್ಷೆಯ ಭಾಗವನ್ನಾಗಿಯೇ ಮಾಡಿ. ಕುಳ್ಳಗಿರುವವರು ಮೊಣಕೈ ಮಡಚಿ ತೋಳಿನ ಬಲದಿಂದ ಒತ್ತುವುದಕ್ಕೆ ಬಹಳ ಸಲ ಮಂಚದ ಎತ್ತರವೇ ಕಾರಣ. ಅಂಗೈಯ ಬುಡ (ಮಣಿಕಟ್ಟಿನ ಕಡೆಯ ಭಾಗ) ಎದೆಮೂಳೆಯ ಕೆಳ ಅರ್ಧದ ಮೇಲೆ, ಇನ್ನೊಂದು ಕೈ ಅದರ ಮೇಲೆ, ಬೆರಳುಗಳು ಪಕ್ಕೆಲುಬಿಗೆ ತಾಗದಂತೆ ಮೇಲಕ್ಕೆ, ಮೊಣಕೈ ನೇರ, ಭುಜ ಕೈಯ ನೇರ ಮೇಲಕ್ಕೆ. ಆಗ ಸೊಂಟದಿಂದ ಮೇಲಿನ ಮೈಭಾರವೇ ಕೆಲಸ ಮಾಡುತ್ತದೆ.

ವೇಗ ಅಳೆಯಲು ದುಬಾರಿ ಯಂತ್ರ ಬೇಡ. 30 ಒತ್ತುಗಳು 15ರಿಂದ 18 ಸೆಕೆಂಡಿನಲ್ಲಿ ಮುಗಿಯಬೇಕು. ಮೊಬೈಲಿನ ಸ್ಟಾಪ್‌ವಾಚ್ ಸಾಕು. 12 ಸೆಕೆಂಡಿಗೆ ಮುಗಿಸಿದರೆ ವೇಗ 150 ಆಯಿತು. ಹಾಗೆ ಓಡಿಸಿದಾಗ ಆಳ ತಾನಾಗಿ ಕುಗ್ಗುತ್ತದೆ, ಒತ್ತು ಮತ್ತು ಒತ್ತಿನ ನಡುವೆ ಹೃದಯ ತುಂಬಿಕೊಳ್ಳುವುದಿಲ್ಲ. ಗಾಬರಿಯಲ್ಲಿರುವವರು ತಪ್ಪುವುದು ಸಾಮಾನ್ಯವಾಗಿ ಹೀಗೇ.

ಎದೆ ಪೂರ್ತಿ ಮೇಲೇಳುತ್ತಿದೆಯೇ ಎಂದು ಮೇಲಿನಿಂದ ನೋಡಿದರೆ ತಿಳಿಯದು. ಪರೀಕ್ಷಕರು ಗೊಂಬೆಯ ಎದೆಯ ಮಟ್ಟಕ್ಕೆ ಕಣ್ಣು ತಂದು ಪಕ್ಕದಿಂದ ನೋಡಬೇಕು. ಸುಸ್ತಾದವರು ಕೈಯೆತ್ತದೆ ಎದೆಯ ಮೇಲೆ ಒರಗುತ್ತಾರೆ. ಹೃದಯದ ಸ್ನಾಯುವಿಗೆ ರಕ್ತ ಹರಿಯುವುದು ಮುಖ್ಯವಾಗಿ ಎದೆ ಮೇಲೇಳುವ ಗಳಿಗೆಯಲ್ಲಿ. ಒರಗಿದರೆ ಅದೇ ತಪ್ಪಿಹೋಗುತ್ತದೆ.

ಬಹಳ ಕಡೆ ಒಂದೇ ಸುತ್ತು, ಅಂದರೆ 30 ಒತ್ತು ಮತ್ತು 2 ಉಸಿರು ಮಾಡಿಸಿ ಟಿಕ್ ಹಾಕುತ್ತಾರೆ. ಅದು ಸಾಲದು. ಒಂದು ನಿಮಿಷ ದಾಟುವ ಹೊತ್ತಿಗೆ ಆಳ ಕುಗ್ಗತೊಡಗುತ್ತದೆ, ಒತ್ತುವವರಿಗೆ ಅದರ ಅರಿವೇ ಇರುವುದಿಲ್ಲ. ಪೂರ್ತಿ 2 ನಿಮಿಷ, 5 ಸುತ್ತು ಮಾಡಿಸಿ, ಕೊನೆಯ 30 ಸೆಕೆಂಡನ್ನೇ ಗಮನವಿಟ್ಟು ನೋಡಿ. ಎರಡು ಉಸಿರಿಗೆಂದು ಕೈ ತೆಗೆದ ಹೊತ್ತು 10 ಸೆಕೆಂಡ್ ಮೀರಬಾರದು.

ಇನ್ನೊಂದು ಮಾತು. ವಿದ್ಯಾರ್ಥಿನಿಯರು ಪರೀಕ್ಷಕರ ಕಡೆ ತಿರುಗಿ ‘ಮೇಡಂ, ಈಗ ನಾನು ಸಹಾಯಕ್ಕೆ ಕೂಗುತ್ತೇನೆ’ ಎಂದು ಮೆಲ್ಲಗೆ ಹೇಳುತ್ತಾರೆ. ಅದಕ್ಕೆ ಅಂಕ ಕೊಡಬೇಡಿ. ಕಾರಿಡಾರಿಗೆ ಕೇಳುವಂತೆ ಕೂಗಲಿ, ಒಬ್ಬರತ್ತ ಕೈ ತೋರಿಸಿ ‘ನೀವು ಎಇಡಿ ತನ್ನಿ’ ಎನ್ನಲಿ. ನೀವೂ ‘ನಾಡಿ ನೋಡಿದೆಯಾ?’ ಎಂದು ನೆನಪಿಸಬೇಡಿ. ನೆನಪಿಸಿದ ಹೆಜ್ಜೆ ಮಾಡದ ಹೆಜ್ಜೆಯೇ. ಶುರುವಿಗೆ ಮೊದಲ ನಾಲ್ಕೈದು ಮಂದಿಗೆ ಇಬ್ಬರು ಪರೀಕ್ಷಕರು ಬೇರೆ ಬೇರೆ ಕೂತು ಅಂಕ ಹಾಕಿ, ಆಮೇಲೆ ಹೋಲಿಸಿ. ಎಲ್ಲಿ ಭಿನ್ನವಾಯಿತೋ ಆ ಹೆಜ್ಜೆಯ ಅರ್ಥವನ್ನು ಮಾತಾಡಿ ಒಂದು ಮಾಡಿಕೊಂಡು ಮುಂದುವರಿಯಿರಿ. ಕ್ಲಿಕ್ ಶಬ್ದ ಮಾಡುವ ಗೊಂಬೆಯ ಸ್ಪ್ರಿಂಗ್ ಹಳತಾದರೆ ಕಡಿಮೆ ಆಳಕ್ಕೇ ಕ್ಲಿಕ್ ಎನ್ನಬಹುದು. ಅದರ ಪಕ್ಕ ಒಂದು ಅಳತೆಪಟ್ಟಿ ನಿಲ್ಲಿಸಿ ಒಮ್ಮೆ ಪರಿಶೀಲಿಸಿ.

ಪ್ರಶ್ನೆ: ನಾವು ನಡೆಸಿದ ಪರೀಕ್ಷೆಯಲ್ಲಿ ಹೆಚ್ಚು ತಪ್ಪು ಬಂದದ್ದು ಅಂಬು ಬ್ಯಾಗ್ ಪ್ರಶ್ನೆಗಳಲ್ಲಿ. ದಿನಾ ಮುಟ್ಟುವ ವಸ್ತುವಿನಲ್ಲಿ ಹೀಗೇಕೆ? ಕೈಪರೀಕ್ಷೆಯಲ್ಲಿ ಏನನ್ನು ನೋಡಬೇಕು?
— ತುರ್ತು ವಿಭಾಗದ ನರ್ಸಿಂಗ್ ಆಫೀಸರ್, ಶಹಾಪುರ

ಉತ್ತರ: ದಿನಾ ಮುಟ್ಟುವುದರಿಂದಲೇ ಯಾರೂ ತಿದ್ದಿಲ್ಲ. ದೊಡ್ಡವರ ಬ್ಯಾಗಿನಲ್ಲಿ ಸುಮಾರು ಒಂದೂವರೆ ಲೀಟರ್ ಗಾಳಿ ಹಿಡಿಯುತ್ತದೆ. ರೋಗಿಗೆ ಬೇಕಾದದ್ದು 500ರಿಂದ 600 ಮಿ.ಲೀ. ಅಂದರೆ ಮೂರನೇ ಒಂದು ಪಾಲು ಒತ್ತಿದರೆ ಸಾಕು. ಒಂದು ಸೆಕೆಂಡ್ ಹಿಡಿದು ಒತ್ತಿ, ಎದೆ ಮೇಲೇಳುವುದು ಕಂಡ ಕೂಡಲೇ ಬಿಡಬೇಕು. ಎರಡೂ ಕೈಯಿಂದ ಹಿಂಡಿದರೆ ಗಾಳಿ ಹೊಟ್ಟೆಗೆ ಹೋಗಿ ಉಬ್ಬುತ್ತದೆ, ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತವೂ ಕಡಿಮೆಯಾಗುತ್ತದೆ. ಶ್ವಾಸನಾಳಕ್ಕೆ ಟ್ಯೂಬ್ ಹಾಕಿದ ಮೇಲೆ ವಯಸ್ಕರಿಗೆ 6 ಸೆಕೆಂಡಿಗೊಂದು ಉಸಿರು, ಎದೆ ಒತ್ತುವುದು ನಿಲ್ಲದೆ ನಡೆದೇ ಇರಬೇಕು. ಆತುರದಲ್ಲಿ ನಿಮಿಷಕ್ಕೆ 25–30 ಸಲ ಹಿಂಡುವವರುಂಟು. ಪರೀಕ್ಷಕರು ಗಡಿಯಾರ ಹಿಡಿದು ಎಣಿಸಲೇಬೇಕಾದ ಜಾಗ ಇದು.

ಮಾಸ್ಕ್ ಹಿಡಿಯುವ ಬಗೆಯಲ್ಲಿ ಎಲ್ಲರೂ ಎಡವುತ್ತಾರೆ. ಹೆಬ್ಬೆರಳು ಮತ್ತು ತೋರುಬೆರಳು ಮಾಸ್ಕಿನ ಮೇಲೆ ಇಂಗ್ಲಿಷಿನ ಸಿ ಆಕಾರದಲ್ಲಿ, ಉಳಿದ ಮೂರು ಬೆರಳು ದವಡೆಯ ಮೂಳೆಯ ಕೆಳಗೆ ಇ ಆಕಾರದಲ್ಲಿ. ದವಡೆಯನ್ನು ಎತ್ತಿ ಮಾಸ್ಕಿಗೆ ತರಬೇಕು. ಮಾಸ್ಕನ್ನು ಮುಖಕ್ಕೆ ಅದುಮಿದರೆ ಕತ್ತು ಮುಂದಕ್ಕೆ ಬಾಗಿ ಗಾಳಿದಾರಿ ಮುಚ್ಚುತ್ತದೆ. ಬೆರಳು ಮೂಳೆ ಬಿಟ್ಟು ಗದ್ದದ ಕೆಳಗಿನ ಮೆತ್ತನೆಯ ಭಾಗ ಒತ್ತಿದರೂ ಅದೇ ಫಲ. ಒಬ್ಬರ ಕೈಗೆ ಆಗದಿದ್ದರೆ ಇಬ್ಬರು ಮಾಡಲಿ: ಒಬ್ಬರು ಎರಡೂ ಕೈಯಿಂದ ಮಾಸ್ಕ್, ಇನ್ನೊಬ್ಬರು ಬ್ಯಾಗ್. ಇದಕ್ಕೆ ಅಂಕ ಕಳೆಯಬಾರದು, ಕೊಡಬೇಕು.

ಉಪಕರಣ ಜೋಡಿಸುವುದನ್ನೂ ಪರೀಕ್ಷೆಯಲ್ಲಿ ಸೇರಿಸಿ. ಬ್ಯಾಗ್, ಕವಾಟ, ಮಾಸ್ಕ್, ರಿಸರ್ವಾಯರ್ (ಆಕ್ಸಿಜನ್ ತುಂಬಿಕೊಳ್ಳುವ ಚೀಲ) ಎಲ್ಲ ಬಿಡಿಸಿಟ್ಟು ಒಂದು ನಿಮಿಷದಲ್ಲಿ ಜೋಡಿಸಲು ಹೇಳಿ. ತೊಳೆದ ಮೇಲೆ ಕವಾಟ ತಿರುಗಾಮುರುಗಾ ಕೂತಿರುವುದು, ಒಳಗಿನ ತೆಳು ರಬ್ಬರ್ ಅಂಟಿಕೊಂಡಿರುವುದು ಆಗಲೇ ಸಿಕ್ಕಿಬೀಳುತ್ತದೆ. ರೋಗಿಯ ಕಡೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿ ಬ್ಯಾಗ್ ಒತ್ತಿದರೆ ಅದು ಕುಗ್ಗಬಾರದು. ಮಕ್ಕಳ ಬ್ಯಾಗಿನಲ್ಲಿ ಹೆಚ್ಚಿನ ಒತ್ತಡ ಹೊರಬಿಡುವ ಕವಾಟ ಇರುವುದರಿಂದ ಅದು ಸುಂಯ್ ಎಂದು ತೆರೆದುಕೊಳ್ಳಬೇಕು. ಆಕ್ಸಿಜನ್ ನಿಮಿಷಕ್ಕೆ 10–15 ಲೀಟರ್ ಹರಿಯಬೇಕು, ರಿಸರ್ವಾಯರ್ ಉಬ್ಬಿರಬೇಕು. ಸಿಲಿಂಡರ್ ಇದ್ದು ಅದನ್ನು ತೆರೆಯುವ ಕೀ ಇನ್ನೊಂದು ವಾರ್ಡಿನಲ್ಲಿರುವುದು ಜ್ಞಾನದ ಕೊರತೆಯಲ್ಲ, ವ್ಯವಸ್ಥೆಯ ಕೊರತೆ. ಅದನ್ನು ವ್ಯಕ್ತಿಯ ಅಂಕದಿಂದ ಕಳೆಯದೆ ಬೇರೆ ಹಾಳೆಯಲ್ಲಿ ಬರೆದಿಡಿ. ನಮ್ಮ ಭಾಗದ ಬೇಸಿಗೆಯಲ್ಲಿ 42–43 ಡಿಗ್ರಿ ಮುಟ್ಟುವ ಕೋಣೆಯಲ್ಲಿ ಟ್ರಾಲಿ ಇದ್ದರೆ ಮಾಸ್ಕಿನ ಅಂಚು ಮತ್ತು ರಬ್ಬರ್ ಬೇಗ ಹಾಳಾಗುತ್ತವೆ, ಎಇಡಿ ಪ್ಯಾಡಿನ ಜೆಲ್ ಒಣಗುತ್ತದೆ. ಪ್ಯಾಡಿನ ಮೇಲಿನ ಅವಧಿ ಮುಗಿಯುವ ದಿನಾಂಕ ಓದಿಸುವುದೂ ಒಂದು ಪ್ರಶ್ನೆಯಾಗಲಿ.

ಪ್ರಶ್ನೆ: ನಾವು ಆಸ್ಪತ್ರ್ಯಾಗ ಗ್ರೂಪ್ ಡಿ ಕೆಲಸ ಮಾಡ್ತೀವ್ರಿ. ಡಾಕ್ಟರ್, ಸಿಸ್ಟರ್ ಜತಿ ನಮಗೂ ಈ ಪರೀಕ್ಷಾ ಬರೀರಿ ಅಂತಾರ. ಇಂಗ್ಲಿಷ್ ಓದ್ಲಾಕ ಬರಲ್ಲ. ಸೂಜಿ, ಗುಳಗಿ ಮುಟ್ಟದವರಿಗೆ ಇದು ಯಾಕ ಬೇಕ್ರಿ?
— ಗ್ರೂಪ್ ಡಿ ನೌಕರ, ಆಳಂದ

ಉತ್ತರ: ಅಣ್ಣಾ, ಇಂಗ್ಲಿಷ್ ಹಾಳೆ ನಿಮ್ಮ ಮುಂದೆ ಇಡುವುದು ತಪ್ಪು. ಕೌಶಲ ಮಾತ್ರ ನಿಮಗೆ ಬೇಕೇ ಬೇಕು. ಶೌಚಾಲಯದ ಬಾಗಿಲಲ್ಲಿ, ಸ್ಟ್ರೆಚರ್ ಮೇಲೆ, ಎಕ್ಸ್‌ರೇ ಕೋಣೆಯ ಹೊರಗೆ ರೋಗಿ ಕುಸಿದಾಗ ಮೊದಲು ಅಲ್ಲಿರುವವರು ಬಹಳ ಸಲ ನೀವೇ. ಎದೆ ಒತ್ತದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಸಿಸ್ಟರ್ ಬರುವ ತನಕ ನೀವು ಒತ್ತಬೇಕು, ಬಂದ ಮೇಲೂ 2 ನಿಮಿಷಕ್ಕೊಮ್ಮೆ ಕೈ ಬದಲಿಸಲು ನಿಮ್ಮ ತೋಳಿನ ಬಲ ಬೇಕು.

ಪರೀಕ್ಷೆ ನಡೆಸುವವರಿಗೆ ನಮ್ಮ ಮಾತು: ಇವರಿಗೆ ಲಿಖಿತ ಬೇಡ, ಬಾಯಿಮಾತಿನಲ್ಲಿ ಐದು ಪ್ರಶ್ನೆ ಸಾಕು. ಮಾತಾಡುವ ಭಾಷೆಯಲ್ಲೇ ಕೇಳಿ. ಕಲಬುರಗಿ, ಬೀದರ್ ಕಡೆ ಉರ್ದು, ಮರಾಠಿ, ತೆಲುಗು ಮನೆಮಾತಿನವರು ಎಷ್ಟೋ ಜನರಿದ್ದಾರೆ. ಬದುಕಿದ್ದಾರೋ ಇಲ್ಲವೋ ಹೇಗೆ ನೋಡ್ತೀರಿ? ಯಾರನ್ನು ಹೇಗೆ ಕರೀತೀರಿ? ಎದೆಯ ಮೇಲೆ ಎಲ್ಲಿ ಒತ್ತುತ್ತೀರಿ, ತೋರಿಸಿ. ಯಾವಾಗ ನಿಲ್ಲಿಸ್ತೀರಿ? ಎಮರ್ಜೆನ್ಸಿ ಟ್ರಾಲಿ, ಎಇಡಿ ಎಲ್ಲಿವೆ, ಹೋಗಿ ತನ್ನಿ. ನಾಡಿ ಹುಡುಕಲು ಇವರಿಗೆ ಕಲಿಸಬೇಡಿ. ಓಗೊಡುತ್ತಿಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಎಂದರೆ ಒತ್ತಲು ಶುರುಮಾಡಲಿ.

ಪ್ರಶ್ನೆ: ಪಾಸ್ ಅಂಕ ಎಷ್ಟಿಡಬೇಕು? ಸಿಪಿಆರ್ ಸರ್ಟಿಫಿಕೇಟ್ ಇರುವವರನ್ನು ಮತ್ತೆ ಪರೀಕ್ಷಿಸಬೇಕೇ? ಅಮೆರಿಕದ ಮಾರ್ಗಸೂಚಿಯೋ, ನಮ್ಮ ದೇಶದ್ದೋ?
— ವೈದ್ಯಾಧಿಕಾರಿ, ಭಾಲ್ಕಿ

ಉತ್ತರ: ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಬಿಎಲ್‌ಎಸ್ ಲಿಖಿತ ಪರೀಕ್ಷೆಯಲ್ಲಿ 25 ಪ್ರಶ್ನೆ, ಪಾಸಾಗಲು ಶೇ 84, ಅಂದರೆ 21 ಸರಿ ಉತ್ತರ ಬೇಕು. ನಿಮ್ಮ 20 ಪ್ರಶ್ನೆಗೆ 17 ಇಟ್ಟುಕೊಳ್ಳಿ. ಅದಕ್ಕಿಂತ ಮುಖ್ಯವಾಗಿ, ಎರಡು ಮೂರು ಪ್ರಶ್ನೆಗಳನ್ನು ತಪ್ಪಲೇಬಾರದವು ಎಂದು ಮೊದಲೇ ಗುರುತಿಸಿಡಿ. ಗ್ಯಾಸ್ಪಿಂಗ್ ಕಂಡು ಕಾಯುತ್ತೇನೆ ಎಂದವರು 19 ತೆಗೆದಿದ್ದರೂ ಮತ್ತೆ ಕೂರಬೇಕು.

ಸರ್ಟಿಫಿಕೇಟಿನ ಅವಧಿ 2 ವರ್ಷ ಇರಬಹುದು, ಕೈಯ ನೈಪುಣ್ಯ 3ರಿಂದ 6 ತಿಂಗಳಲ್ಲೇ ಮಸುಕಾಗುತ್ತದೆ. ಓದಿದ ಜ್ಞಾನ ಅದಕ್ಕಿಂತ ಸ್ವಲ್ಪ ಹೆಚ್ಚು ಕಾಲ ನಿಲ್ಲುವುದರಿಂದ ‘ನನಗೆ ಗೊತ್ತು’ ಎಂಬ ಧೈರ್ಯ ಉಳಿದಿರುತ್ತದೆ. ಹಾಗಾಗಿ ಸರ್ಟಿಫಿಕೇಟ್ ಇರುವವರನ್ನೂ ಸೇರಿಸಿ. ತರಬೇತಿಯ ಮುನ್ನ, ಮುಗಿದ ದಿನ, 3 ತಿಂಗಳಿಗೆ, 6 ತಿಂಗಳಿಗೆ ಅಳೆಯಿರಿ. ವರ್ಷಕ್ಕೊಮ್ಮೆ ಇಡೀ ದಿನದ ಕಾರ್ಯಾಗಾರಕ್ಕಿಂತ ತಿಂಗಳಿಗೊಮ್ಮೆ ಡ್ಯೂಟಿ ಬದಲಾಗುವ ಹೊತ್ತಿಗೆ 10 ನಿಮಿಷ ಗೊಂಬೆಯ ಮೇಲೆ ಕೈಯಾಡಿಸುವುದು ಹೆಚ್ಚು ಫಲ ಕೊಡುತ್ತದೆ.

ಇಂಡಿಯನ್ ರಿಸಸಿಟೇಷನ್ ಕೌನ್ಸಿಲ್ 2017ರಲ್ಲಿ ನಮ್ಮ ದೇಶಕ್ಕೆಂದು ಮೂರು ಹಂತದ ಮಾರ್ಗಸೂಚಿ ಕೊಟ್ಟಿದೆ. ಸಾಮಾನ್ಯ ಜನರಿಗೆ ಎದೆ ಒತ್ತುವುದಷ್ಟೇ ಇರುವ ಸಿಒಎಲ್‌ಎಸ್, ಆಸ್ಪತ್ರೆಯ ಹೊರಗೆ ತರಬೇತಿ ಪಡೆದವರಿಗೆ ಬಿಸಿಎಲ್‌ಎಸ್, ಆಸ್ಪತ್ರೆಯ ಒಳಗೆ ಸಿಸಿಎಲ್‌ಎಸ್. ಯಾವುದನ್ನು ಆರಿಸಿದರೂ ಸರಿ, ತರಬೇತಿಯೂ ಉತ್ತರಸೂಚಿಯೂ ಒಂದರದೇ ಆಗಿರಲಿ. ಸಿಒಎಲ್‌ಎಸ್ ಕಲಿಸಿ, ಪರೀಕ್ಷೆಯಲ್ಲಿ 30ಕ್ಕೆ 2 ಕೇಳಿದರೆ ಅನ್ಯಾಯ.

ಪ್ರಶ್ನೆ: ಕಡಿಮೆ ಅಂಕ ಬಂದರೆ ಮೆಮೊ ಕೊಡುತ್ತಾರೆಂಬ ಭಯ ಎಲ್ಲರಲ್ಲೂ ಇದೆ. ಕೆಲವರು ಉತ್ತರಗಳನ್ನು ವಾಟ್ಸ್‌ಆ್ಯಪಿನಲ್ಲಿ ಹಂಚಿಕೊಂಡರು.
— ಸ್ಟಾಫ್ ನರ್ಸ್, ಚಿಂಚೋಳಿ

ಉತ್ತರ: ಭಯವಿದ್ದಲ್ಲಿ ಹಂಚಿಕೆ ಇದ್ದೇ ಇರುತ್ತದೆ. ಹಾಗೆ ಬಂದ ಅಂಕ ಯಾವ ಕೆಲಸಕ್ಕೂ ಬಾರದು. ಹೆಸರಿನ ಬದಲು ಚೀಟಿ ಎತ್ತಿಸಿ ಕೋಡ್ ಸಂಖ್ಯೆ ಕೊಡಿಸಿ. ಮೂರು ತಿಂಗಳ ನಂತರವೂ ಅದೇ ಸಂಖ್ಯೆ ಬಳಸಿದರೆ ಯಾರು ಎಂದು ತಿಳಿಯದೆಯೇ ಸುಧಾರಣೆ ಅಳೆಯಬಹುದು. ಮೇಲಧಿಕಾರಿಗೆ ಹೋಗುವ ವರದಿಯಲ್ಲಿ ವಿಭಾಗವಾರು ಲೆಕ್ಕ ಮಾತ್ರ ಇರಲಿ. ಮೂರು ಪಾಳಿಯವರಿಗೆ ಬೇರೆ ಬೇರೆ ಹೊತ್ತು ಪರೀಕ್ಷೆಯಾದರೆ ಪ್ರಶ್ನೆಗಳ ಕ್ರಮ ಮತ್ತು ಆಯ್ಕೆಗಳ ಕ್ರಮ ಬದಲಿಸಿದ ಮೂರು ಸೆಟ್ ಮಾಡಿ. ಮುಗಿದ ಅರ್ಧ ಗಂಟೆಯಲ್ಲೇ ಸರಿ ಉತ್ತರಗಳನ್ನು ವಿವರಿಸಿ. ತಪ್ಪು ಬರೆದದ್ದು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ತಿದ್ದಿದರೆ ನಿಲ್ಲುತ್ತದೆ.

ಪ್ರಶ್ನೆ: ಹೆರಿಗೆ ಕೋಣೆಯ ಸಿಬ್ಬಂದಿಗೂ ಅದೇ ಪ್ರಶ್ನೆಪತ್ರಿಕೆ ಸಾಕೇ?
— ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಸುರಪುರ

ಉತ್ತರ: ಸಾಲದು. ಆಗತಾನೆ ಹುಟ್ಟಿದ ಶಿಶುವಿಗೆ ಬೇಕಾದದ್ದು ಮೊದಲು ಉಸಿರು. ಒರೆಸಿ ಬೆಚ್ಚಗಿಟ್ಟರೂ ಉಸಿರಾಡದಿದ್ದರೆ ಹುಟ್ಟಿದ ಒಂದು ನಿಮಿಷದೊಳಗೆ ಬ್ಯಾಗ್–ಮಾಸ್ಕ್ ಶುರುವಾಗಬೇಕು. ಎದೆ ಚೆನ್ನಾಗಿ ಏಳುವಂತೆ 30 ಸೆಕೆಂಡ್ ಉಸಿರು ಕೊಟ್ಟ ಮೇಲೂ ಹೃದಯಬಡಿತ 60ಕ್ಕಿಂತ ಕಡಿಮೆ ಇದ್ದರೆ ಮಾತ್ರ ಎದೆ ಒತ್ತುವುದು. ಲೆಕ್ಕ 3 ಒತ್ತಿಗೆ 1 ಉಸಿರು, ನಿಮಿಷಕ್ಕೆ 90 ಒತ್ತು, 30 ಉಸಿರು. ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದ ತರಬೇತಿ ಪಡೆದವರು ದೊಡ್ಡವರ ಪತ್ರಿಕೆಯಲ್ಲಿ 3:1 ಎಂದು, ಜನರಲ್ ವಾರ್ಡಿನವರು ಶಿಶುವಿಗೆ 30:2 ಎಂದು ಬರೆಯುವುದು ಇದರಿಂದಲೇ. ಪ್ರಶ್ನೆಯಲ್ಲಿ ‘ಮಗು’ ಎಂದಷ್ಟೇ ಬರೆಯದೆ ‘ಈಗಷ್ಟೇ ಹುಟ್ಟಿದ’, ‘8 ತಿಂಗಳ’, ‘6 ವರ್ಷದ’ ಎಂದು ವಯಸ್ಸು ಹಾಕಿ. ನಂತರದ ಎರಡಕ್ಕೆ ಸಿಪಿಆರ್ ಮಾಡುವವರು ಒಬ್ಬರೇ ಇದ್ದರೆ 30:2, ಇಬ್ಬರಿದ್ದರೆ 15:2. 8 ತಿಂಗಳ ಕೂಸಿನ ನಾಡಿಯನ್ನು ತೋಳಿನ ಒಳಭಾಗದಲ್ಲಿ ನೋಡಬೇಕು, ಆಳ ಸುಮಾರು 4 ಸೆಂ.ಮೀ.

ಪ್ರಶ್ನೆ: ಭೀಮಾ ನದಿ ನಮಗೆ ಹತ್ತಿರ. ನೀರಿನಲ್ಲಿ ಮುಳುಗಿದವರು, ಕ್ರಿಮಿನಾಶಕ ಕುಡಿದವರು ಬರುತ್ತಾರೆ. ಸಾಮಾನ್ಯ ಪರೀಕ್ಷೆಗಳಲ್ಲಿ ಇವು ಇರುವುದಿಲ್ಲ.
— ಸಮುದಾಯ ಆರೋಗ್ಯ ಅಧಿಕಾರಿ, ಅಫಜಲಪುರ

ಉತ್ತರ: ನಿಮ್ಮಲ್ಲಿ ಇರಲೇಬೇಕು. ನಿಮ್ಮ ಊರಿಗೆ ಬರುವ ರೋಗಿಯೇ ನಿಮ್ಮ ಪ್ರಶ್ನೆಯಲ್ಲಿ ಬರಲಿ. ಮುಳುಗಿದವರಲ್ಲಿ ಹೃದಯ ನಿಲ್ಲುವುದು ಆಮ್ಲಜನಕ ಸಿಗದೆ, ಹಾಗಾಗಿ ಆರೋಗ್ಯ ಸಿಬ್ಬಂದಿ ಮೊದಲು 2 ಉಸಿರು ಕೊಟ್ಟು ಆಮೇಲೆ 30 ಒತ್ತಬೇಕು. ಬೋರಲು ಮಲಗಿಸಿ ಹೊಟ್ಟೆ ಒತ್ತಿ ನೀರು ತೆಗೆಯುವುದನ್ನು ತಪ್ಪು ಆಯ್ಕೆಯಾಗಿ ಕೊಡಿ, ಎಷ್ಟು ಜನ ಆರಿಸುತ್ತಾರೆ ನೋಡಿ. ಕ್ರಿಮಿನಾಶಕ ಕುಡಿದವರಿಗೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬಾರದು, ಬ್ಯಾಗ್–ಮಾಸ್ಕ್ ಬಳಸಬೇಕು. ಕೈಗವಸು ಹಾಕಿಕೊಂಡು ಬಟ್ಟೆ ಬಿಚ್ಚಿ ಮೈ ತೊಳೆಸುವುದು ಇನ್ನೊಬ್ಬರ ಪಾಲಿನ ಕೆಲಸ, ಅದಕ್ಕಾಗಿ ಎದೆ ಒತ್ತುವುದು ನಿಲ್ಲಬಾರದು.

ಪಂಪ್‌ಸೆಟ್ಟಿನ ಕರೆಂಟ್ ಹೊಡೆದಿದ್ದರೆ ಮೊದಲು ಲೈನ್ ಬಂದ್ ಆಗಬೇಕು. ತೊಗರಿ ಹೊಲದಲ್ಲಿ ಸಿಡಿಲು ಬಡಿದವರ ವಿಷಯ ಬೇರೆ. ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ತಕ್ಷಣ ಮುಟ್ಟಬಹುದು. ಸಿಡಿಲಿಗೆ ಹಲವರು ಒಟ್ಟಿಗೆ ಬಿದ್ದಿದ್ದರೆ ನರಳುತ್ತಿರುವವರನ್ನು ಬಿಟ್ಟು ಸತ್ತಂತೆ ಬಿದ್ದವರ ಎದೆಯನ್ನೇ ಮೊದಲು ಒತ್ತಬೇಕು. ಬೇರೆ ಅಪಘಾತಗಳ ನಿಯಮಕ್ಕೆ ಇದು ವಿರುದ್ಧವಾದ್ದರಿಂದ ಅನುಭವಿಗಳೂ ಇಲ್ಲಿ ತಪ್ಪುತ್ತಾರೆ.

ಪ್ರಶ್ನೆ: ನಮ್ಮ ಪಿಎಚ್‌ಸಿಯಲ್ಲಿ ರಾತ್ರಿ ಇರುವುದು ಇಬ್ಬರೇ. ಹೃದಯ ನಿಂತರೆ 108 ಕರೆದು ಬೀದರಿಗೆ ಕಳಿಸುವುದು ಎಂದು ಬರೆದವರಿಗೆ ಪರೀಕ್ಷೆಯಲ್ಲಿ ಸೊನ್ನೆ ಕೊಟ್ಟರು. ಇದು ಸರಿಯೇ?
— ನರ್ಸಿಂಗ್ ಆಫೀಸರ್, ಔರಾದ್

ಉತ್ತರ: 108 ಕರೆಯುವುದು ಸರಿ, ಅದಕ್ಕೆ ಅರ್ಧ ಅಂಕ ಸಿಗಬೇಕಿತ್ತು. ನಾಡಿಯಿಲ್ಲದ ರೋಗಿಯನ್ನು ಎತ್ತಿ ಗಾಡಿಗೆ ಹಾಕುವುದು ತಪ್ಪು. ಎತ್ತುವಾಗ, ಸ್ಟ್ರೆಚರ್ ತಿರುಗಿಸುವಾಗ ಎದೆ ಒತ್ತುವುದು ನಿಲ್ಲುತ್ತದೆ. ಓಡುವ ಗಾಡಿಯಲ್ಲಿ ಒತ್ತುವ ಆಳವೂ ನಿಲ್ಲುವುದಿಲ್ಲ, ಒತ್ತುವವರಿಗೂ ಅಪಾಯ. ಬಿದ್ದಲ್ಲೇ ಶುರುಮಾಡಿ, ನಾಡಿ ಮರಳಿದ ಮೇಲೆ ಸಾಗಿಸುವುದು ಕ್ರಮ. ಈ ಪ್ರಶ್ನೆಯನ್ನು ಎರಡು ಭಾಗ ಮಾಡಿ ಕೇಳಲಿ: ಯಾರನ್ನು ಕರೆಯುತ್ತೀರಿ, ಗಾಡಿ ಬರುವ ತನಕ ಏನು ಮಾಡುತ್ತೀರಿ.

ಇಬ್ಬರೇ ಇರುವ ಕಡೆ ಬರೆಯುವ ಪರೀಕ್ಷೆಗಿಂತ ಮಾಕ್ ಡ್ರಿಲ್ ಹೆಚ್ಚು ಹೇಳುತ್ತದೆ. ಮುಂಚಿತವಾಗಿ ತಿಳಿಸದೆ, ರೋಗಿಗಳಿಲ್ಲದ ಹೊತ್ತು ನೋಡಿ, ಗೊಂಬೆಯನ್ನು ಡ್ರೆಸ್ಸಿಂಗ್ ಕೋಣೆಯ ನೆಲದ ಮೇಲೆ ಮಲಗಿಸಿ ಸ್ಟಾಪ್‌ವಾಚ್ ಒತ್ತಿ. ಗೊಂಬೆ ಸಿಗದಿದ್ದರೆ ಬಿಗಿಯಾಗಿ ತುಂಬಿದ ಲೋಡಿನ ಮೇಲೆ ವೇಗ, ಭಂಗಿ, ಕೈ ಬದಲಿಸುವುದನ್ನು ನೋಡಬಹುದು, ಆಳವನ್ನು ಅಳೆಯಲಾಗದು. ಒಬ್ಬರು ಎದೆ ಒತ್ತಲು ಕೂರಬೇಕು, ಇನ್ನೊಬ್ಬರು ಫೋನ್ ಸ್ಪೀಕರಿಗೆ ಹಾಕಿ 108ಕ್ಕೆ ಮಾತಾಡುತ್ತಲೇ ಬ್ಯಾಗ್ ಮತ್ತು ಎಇಡಿ ತರಬೇಕು. ರೋಗಿಯ ಕಡೆಯ ಗಟ್ಟಿಮುಟ್ಟಾದ ಒಬ್ಬರನ್ನು ಪಕ್ಕಕ್ಕೆ ಕರೆದು ಒತ್ತುವುದನ್ನು ತೋರಿಸಿಕೊಟ್ಟು, 2 ನಿಮಿಷಕ್ಕೊಮ್ಮೆ ಕೈ ಬದಲಿಸಿಕೊಳ್ಳಿ. ಹಾಗೆ ಹೇಳಿಕೊಡಲು ಬರುತ್ತದೆಯೇ ಎಂಬುದನ್ನೂ ಡ್ರಿಲ್‌ನಲ್ಲಿ ನೋಡಿ. ಕುಸಿದದ್ದರಿಂದ ಮೊದಲ ಒತ್ತಿಗೆ, ಮೊದಲ ಉಸಿರಿಗೆ, ಎಇಡಿ ಆನ್ ಆಗುವುದಕ್ಕೆ, 108ಕ್ಕೆ ಮಾತು ಮುಗಿಯುವುದಕ್ಕೆ ಎಷ್ಟು ಸೆಕೆಂಡ್ ಎಂದು ನಾಲ್ಕು ಅಂಕಿ ಬರೆಯಿರಿ. ಮೊದಲ ಒತ್ತು 1 ನಿಮಿಷದೊಳಗೆ, ಎಇಡಿ ಇದ್ದರೆ ಶಾಕ್ 2 ನಿಮಿಷದೊಳಗೆ ಎಂಬುದು ಆಸ್ಪತ್ರೆಗಳು ಇಟ್ಟುಕೊಳ್ಳುವ ಗುರಿ. ದಿನಾಂಕ ಹಾಕಿ ಆ ಹಾಳೆಯನ್ನು ಟ್ರಾಲಿಯಲ್ಲೇ ಇಡಿ, ಮುಂದಿನ ತಿಂಗಳು ಪಾಳಿಯ ಜೋಡಿ ಬದಲಿಸಿ ಮತ್ತೆ ಅಳೆಯಿರಿ.